ಬಾಗಿದ ಕುತ್ತಿಗೆಯಿಂದ ಶುರುಮಾಡಿ: ಪಿಕಾಸೊನ ಮುದಿ ಗಿಟಾರ್‌ವಾದಕನನ್ನು ನೋಡುವ ಬಗೆ

"ಚಿತ್ರಕಲೆ ಎಲ್ಲ ನಮಗೆ ಅರ್ಥ ಆಗಲ್ಲ ಬಿಡಿ" ಎನ್ನುವವರನ್ನು ಹಿಡಿದು ನಿಲ್ಲಿಸಿ ಕೇಳಿ: ನಿಮ್ಮ ಅಡುಗೆಮನೆಯ ಕ್ಯಾಲೆಂಡರಿನ ಲಕ್ಷ್ಮಿ ಯಾವ ಕೈಯಿಂದ ನಾಣ್ಯ ಸುರಿಸುತ್ತಾಳೆ, ಆನೆ ಎಷ್ಟಿವೆ, ಸೀರೆಯ ಅಂಚು ಯಾವ ಬಣ್ಣ? ಥಟ್ಟನೆ ಹೇಳುತ್ತಾರೆ. ನೋಡುವುದು ಅವರಿಗೆ ಚೆನ್ನಾಗಿಯೇ ಬರುತ್ತದೆ. ಕೇಳರಿಯದ ಊರಿನ, ಕೇಳರಿಯದ ಹೆಸರಿನ ಚಿತ್ರ ಎದುರಾದಾಗ ಮಾತ್ರ ಧೈರ್ಯ ಹೋಗುತ್ತದೆ. ಆಗ ಚಿತ್ರ ಬಿಟ್ಟು, ಪಕ್ಕದ ಚೀಟಿ ಓದಲು ಬಗ್ಗುತ್ತಾರೆ.

ಈ ಲೇಖನ ಆ ಚೀಟಿಯನ್ನು ಕೊನೆಗೆ ಓದುವುದಕ್ಕೆ. ಎತ್ತಿಕೊಂಡಿರುವುದು ಒಂದೇ ಚಿತ್ರ: ಪಾಬ್ಲೊ ಪಿಕಾಸೊ ಬಾರ್ಸಿಲೋನಾದಲ್ಲಿ 1903ರ ಕೊನೆ, 1904ರ ಆರಂಭದ ಹೊತ್ತಿಗೆ ಮರದ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದ 'ಮುದಿ ಗಿಟಾರ್‌ವಾದಕ'. ಈಗ ಅದು ಅಮೆರಿಕದ ಶಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ. ಒಬ್ಬನೇ ಮನುಷ್ಯ, ಒಂದೇ ವಾದ್ಯ, ಹೆಚ್ಚುಕಡಿಮೆ ಒಂದೇ ಬಣ್ಣ. ಕಲಿಯಲು ಶುರುಮಾಡುವವರಿಗೆ ಇದಕ್ಕಿಂತ ಅನುಕೂಲದ ಚಿತ್ರ ಸಿಗುವುದು ಕಷ್ಟ. ಒಂದು ಭಾನುವಾರದ ಮಧ್ಯಾಹ್ನ ಇಟ್ಟುಕೊಳ್ಳಿ, ಸಾಕು.

1. ಮೊದಲು ಮೊಬೈಲನ್ನು ಸರಿಮಾಡಿ

ನಗಬೇಡಿ, ನಾನು ಇದರಲ್ಲೇ ಬಿದ್ದಿದ್ದೇನೆ. ಒಂದು ರಾತ್ರಿ ಹಾಸಿಗೆಯಲ್ಲಿ ಮಲಗಿ ಈ ಚಿತ್ರ ನೋಡುತ್ತಾ, "ಎಲ್ಲರೂ ನೀಲಿ ನೀಲಿ ಅಂತಾರೆ, ಇದು ಪಾಚಿ ಬಣ್ಣ ಅಲ್ಲವಾ" ಎಂದು ಗೆಳೆಯನೊಂದಿಗೆ ಅರ್ಧ ಗಂಟೆ ವಾದ ಮಾಡಿದೆ. ಬೆಳಿಗ್ಗೆ ಎದ್ದು ನೋಡಿದರೆ ಮೊಬೈಲಿನಲ್ಲಿ ರಾತ್ರಿ ಕಣ್ಣಿಗೆ ಹಿತವಾಗಲೆಂದು ಹಾಕಿಕೊಳ್ಳುವ ಹಳದಿ ಬೆಳಕು ಆನ್ ಆಗಿತ್ತು. ಅದು ಪರದೆಯಿಂದ ಕಳೆಯುವುದೇ ನೀಲಿಯನ್ನು. ಈ ಚಿತ್ರದಿಂದ ನೀಲಿ ಕಳೆದರೆ ಇನ್ನೇನು ಉಳಿದೀತು?

ಆದ್ದರಿಂದ ನೈಟ್ ಲೈಟ್, ಐ ಕಂಫರ್ಟ್ ಎಂಬಂಥವನ್ನೆಲ್ಲ ಆಫ್ ಮಾಡಿ. ಪರದೆಯ ಬೆಳಕನ್ನು ಮುಕ್ಕಾಲಿಗೆ ಏರಿಸಿ. ಲ್ಯಾಪ್‌ಟಾಪ್ ಇದ್ದರೆ ಇನ್ನೂ ಒಳ್ಳೆಯದು. ಸಂಗ್ರಹಾಲಯದ ಸ್ವಂತ ಜಾಲತಾಣದಲ್ಲೇ ಚಿತ್ರ ತೆರೆಯಿರಿ, ಅಲ್ಲಿ ಹಿಗ್ಗಿಸಿ ನೋಡಬಹುದು. ವಾಟ್ಸ್ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಪ್ರತಿಯಲ್ಲಿ ಯಾರೋ ಬಣ್ಣ ಏರಿಸಿರುತ್ತಾರೆ, ಯಾರೋ ಅಂಚು ಕತ್ತರಿಸಿರುತ್ತಾರೆ. ಈ ಚಿತ್ರದಲ್ಲಿ ಅಂಚು ಎಷ್ಟು ಮುಖ್ಯ ಎನ್ನುವುದು ಮುಂದೆ ಗೊತ್ತಾಗುತ್ತದೆ.

2. ಗೋಡೆಯ ಮೇಲೆ ಅಳತೆ ಹಾಕಿ

ಹಲಗೆಯ ಎತ್ತರ 122.9 ಸೆಂಟಿಮೀಟರ್, ಅಗಲ 82.6. ನಮ್ಮ ಲೆಕ್ಕದಲ್ಲಿ ನಾಲ್ಕು ಅಡಿ ಎತ್ತರ, ಎರಡು ಮುಕ್ಕಾಲು ಅಡಿಗೆ ಚೂರು ಕಮ್ಮಿ ಅಗಲ. ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ಆ ಅಳತೆಗೆ ಕತ್ತರಿಸಿ ಗೋಡೆಗೆ ಹಚ್ಚಿ. ಅದಕ್ಕೆ ಬೆನ್ನು ಕೊಟ್ಟು ನೀವೇ ಕೂತು ನೋಡಿ. ಬೆಳೆದ ಮನುಷ್ಯನೊಬ್ಬ ಅದರೊಳಗೆ ಕೂರಬಹುದು, ಆದರೆ ಆರಾಮವಾಗಿ ಅಲ್ಲ. ಅಂಗೈಯಗಲದ ಪರದೆಯಲ್ಲಿ ಈ ಇಕ್ಕಟ್ಟು ತಿಳಿಯುವುದೇ ಇಲ್ಲ.

3. ಐದು ನಿಮಿಷ ಸುಮ್ಮನೆ ನೋಡಿ

ಗಡಿಯಾರ ಇಟ್ಟುಕೊಳ್ಳಿ. ಎರಡನೇ ನಿಮಿಷಕ್ಕೆ ಬೇಸರ ಬರುತ್ತದೆ, ಬರಲಿ. ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ: ಬಿಳಿ ಕೂದಲು, ಗಡ್ಡ, ಮುಚ್ಚಿದ ಕಣ್ಣು, ಹರಿದ ಬಟ್ಟೆ, ಉದ್ದನೆಯ ಬೆರಳು, ಬರಿಗಾಲು. "ಪಾಪ", "ದುಃಖ", "ಬಡತನ" ಎಂಬ ಮಾತುಗಳನ್ನು ಈ ಐದು ನಿಮಿಷ ಆಡಕೂಡದು. ಅವು ನೀವು ಕಂಡ ವಸ್ತುಗಳಲ್ಲ, ಕಂಡದ್ದರಿಂದ ನೀವು ಕಟ್ಟಿಕೊಂಡ ತೀರ್ಪು. ತೀರ್ಪು ಎಲ್ಲೂ ಓಡಿಹೋಗುವುದಿಲ್ಲ.

4. ಅವನ ಹಾಗೆಯೇ ಕೂತುಕೊಳ್ಳಿ

ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಮುಖ್ಯವಾದದ್ದು ಇದೇ. ಉಳಿದದ್ದಕ್ಕೆಲ್ಲ ಪುರುಸೊತ್ತಿಲ್ಲದಿದ್ದರೆ ಇದೊಂದನ್ನಾದರೂ ಮಾಡಿ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗಿಟಾರ್ ಇಲ್ಲದಿದ್ದರೆ ದಿಂಬನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಳ್ಳಿ. ಭುಜ ಮೇಲೆತ್ತಿ. ಈಗ ತಲೆಯನ್ನು ಪಕ್ಕಕ್ಕೆ ಬಾಗಿಸಿ. ಸ್ವಲ್ಪ ಅಲ್ಲ, ಕುತ್ತಿಗೆ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರ ಆಗುವಷ್ಟು. ಹಾಗೇ ಇರಿ. ನನ್ನ ತಮ್ಮನ ಮಗಳನ್ನು ಒಮ್ಮೆ ಹೀಗೆ ಕೂರಿಸಿದ್ದೆ. ಒಂದೇ ನಿಮಿಷಕ್ಕೆ "ದೊಡ್ಡಪ್ಪಾ, ಕತ್ತು ಹಿಡ್ಕೊಳ್ತು, ಇವನು ಹೆಂಗೆ ಬಾರಿಸ್ತಾನೆ?" ಎಂದಳು. ಕೇಳಬೇಕಾದ ಪ್ರಶ್ನೆಯೇ ಅದು. ಹೀಗೆ ಕೂತು ಯಾರೂ ಬಹಳ ಹೊತ್ತು ಬಾರಿಸಲಾರರು. ನಿಜವಾದ ಮೈಗೆ ಆಗದ್ದನ್ನು ಚಿತ್ರಕಾರ ಈ ಮೈಯಿಂದ ಮಾಡಿಸಿದ್ದಾನೆ. ಮುಖದ ಮೇಲೆ ಒಂದು ಹನಿ ಕಣ್ಣೀರು ಬರೆಯದೆ ಸಂಕಟವನ್ನೆಲ್ಲ ಕುತ್ತಿಗೆಗೆ ಹೊರಿಸಿದ್ದಾನೆ.

ಇನ್ನೊಂದು ಸಂಗತಿ ಇದೆ, ನಾವು ತಪ್ಪಿಸಿಕೊಳ್ಳುವಂಥದ್ದು. ನೆಲದ ಮೇಲೆ ಕೂರುವುದು ನಮಗೆ ಏನೂ ಅಲ್ಲ. ಊಟದ ಪಂಕ್ತಿ, ಭಜನೆ, ಹೋಮ ಎಲ್ಲ ನೆಲದ ಮೇಲೇ. ಕಚೇರಿ ಕೊಡುವ ದೊಡ್ಡ ವಿದ್ವಾಂಸರೂ ಜಮಖಾನೆಯ ಮೇಲೆ ಕಾಲು ಮಡಚಿಯೇ ಕೂರುತ್ತಾರೆ. ಹಾಗಾಗಿ ಕಾಲು ಮಡಚಿ ಕೂತು ವಾದ್ಯ ಹಿಡಿದವನನ್ನು ಕಂಡರೆ ನಮ್ಮ ಕಣ್ಣು ಅದನ್ನು ಮರ್ಯಾದೆಯ ಭಂಗಿ ಎಂದೇ ಓದುತ್ತದೆ. 1903ರ ಬಾರ್ಸಿಲೋನಾದಲ್ಲಿ ಮುದುಕನೊಬ್ಬ ಬೀದಿಯಲ್ಲಿ ಬರಿಗಾಲಲ್ಲಿ ನೆಲಕ್ಕೆ ಕೂತಿದ್ದಾನೆ ಎಂದರೆ ಅವನಿಗೆ ಕುರ್ಚಿ ಕೊಡುವವರು ಯಾರೂ ಇಲ್ಲ ಎಂದೇ ಅರ್ಥ. ಚಿತ್ರದ ಅತ್ಯಂತ ದೊಡ್ಡ ದನಿಯ ಮಾತು ನಮ್ಮ ಕಿವಿಗೆ ಬೀಳದೇ ಹೋಗುವುದು ಹೀಗೆ.

ಕಣ್ಣು ಮುಚ್ಚಿದ ಈ ವಾದಕನನ್ನು ಕುರುಡನೆಂದೇ ಸಾಮಾನ್ಯವಾಗಿ ಓದುತ್ತಾರೆ. ಅದನ್ನು ಕೇಳಿದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ, ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ನೆನಪಾಗುತ್ತಾರೆ. ನೆನಪಾಗಲಿ. ಆ ಅಂಧ ಗುರುಗಳ ಸುತ್ತ ಶಿಷ್ಯರಿದ್ದರು, ಆಶ್ರಮವಿತ್ತು, ದಾಸೋಹವಿತ್ತು, ಜನ ಕೈಮುಗಿಯುತ್ತಿದ್ದರು. ಆ ಚಿತ್ರವನ್ನು ಮನಸ್ಸಿನಲ್ಲಿ ಪಕ್ಕಕ್ಕಿಟ್ಟುಕೊಂಡು ಈ ಮುದುಕನನ್ನು ನೋಡಿದರೆ ಇವನ ಸುತ್ತ ಏನೇನು ಇಲ್ಲ ಎನ್ನುವುದು ಒಂದೊಂದಾಗಿ ಕಾಣುತ್ತದೆ. ಕೇಳುವವರೇ ಇಲ್ಲ. ಕಾಸು ಹಾಕಲು ತಟ್ಟೆಯೂ ಕಾಣುವುದಿಲ್ಲ.

5. ಗೆರೆಗಳನ್ನು ಬೇರೆ ಮಾಡಿ

ಚಿತ್ರವನ್ನು ಎ4 ಹಾಳೆಯಲ್ಲಿ ಪ್ರಿಂಟ್ ಮಾಡಿಸಿ. ಇದಕ್ಕೆ ಕಪ್ಪುಬಿಳುಪು ಝೆರಾಕ್ಸ್ ಸಾಕು. ಮೇಲೆ ಬಟರ್ ಪೇಪರ್ ಇಟ್ಟು ಪೆನ್ಸಿಲಿನಿಂದ ಮುಖ್ಯವಾದ ದಿಕ್ಕುಗಳನ್ನು ಮಾತ್ರ ಎಳೆಯಿರಿ: ಕುತ್ತಿಗೆ, ಭುಜ, ಮೇಲ್ತೋಳು, ಮುಂದೋಳು, ಗಿಟಾರಿನ ಕತ್ತು, ಮೊಣಕಾಲು. ಎಲ್ಲ ನೇರ ಗೆರೆ, ವಕ್ರ ಬೇಡ.

ಬಟರ್ ಪೇಪರ್ ಎತ್ತಿ ನೋಡಿದರೆ ಮನುಷ್ಯ ಮಾಯವಾಗಿ ಮಡಚಿದ ಮೊಳಗೋಲಿನಂಥದ್ದೊಂದು ಉಳಿದಿರುತ್ತದೆ. ಎಲ್ಲಿ ನೋಡಿದರೂ ಮೂಲೆ. ಕುತ್ತಿಗೆ ಭುಜದಿಂದ ಮುರಿದ ಹಾಗೆ, ಮೊಣಕೈ ಮುರಿದ ಹಾಗೆ, ಮೊಣಕಾಲು ಮುರಿದ ಹಾಗೆ. ಚಿತ್ರದ ನಾಲ್ಕು ಅಂಚಿಗೂ ಈ ಮೂಲೆಗಳು ಎಷ್ಟು ಹತ್ತಿರ ಬರುತ್ತವೆ ಗಮನಿಸಿ. ಈಗ ಮನಸ್ಸಿನಲ್ಲೇ ಅವನನ್ನು ಎಬ್ಬಿಸಿ ನಿಲ್ಲಿಸಿ. ಆಗುವುದಿಲ್ಲ. ತಲೆ ಎತ್ತಿದರೂ ಸಾಕು, ಚೌಕಟ್ಟಿಗೆ ಬಡಿಯುತ್ತದೆ. ಎರಡನೇ ಹಂತದಲ್ಲಿ ಗೋಡೆಗೆ ಹಚ್ಚಿದ ಪತ್ರಿಕೆ ಕೆಲಸಕ್ಕೆ ಬರುವುದು ಇಲ್ಲಿ.

ಮೈಕೈಗಳನ್ನು ಹೀಗೆ ಎಳೆದು ಉದ್ದ ಮಾಡುವುದನ್ನು ಪಿಕಾಸೊ ತಾನೇ ಹುಟ್ಟುಹಾಕಲಿಲ್ಲ. ಕ್ರೀಟ್ ದ್ವೀಪದಲ್ಲಿ ಹುಟ್ಟಿ, ಸ್ಪೇನಿನ ಟೊಲೆಡೊದಲ್ಲಿ ಬದುಕಿ, 1614ರಲ್ಲಿ ತೀರಿಕೊಂಡ ಚಿತ್ರಕಾರ ಎಲ್ ಗ್ರೆಕೊ ಬರೆದ ಸಂತರು ಹೀಗೇ ಮೇಣದ ಬತ್ತಿಯಂತೆ ನೀಳ. ಪಿಕಾಸೊಗೆ ಅವನೆಂದರೆ ಬಹಳ ಇಷ್ಟ. ವ್ಯತ್ಯಾಸ ಏನೆಂದರೆ, ಎಲ್ ಗ್ರೆಕೊನ ಸಂತರು ಆಕಾಶದ ಕಡೆ ನೀಳವಾಗುತ್ತಾರೆ. ಇವನು ನೀಳವಾಗಿ, ಹೋಗಲು ಜಾಗವಿಲ್ಲದೆ ಮಡಚಿಕೊಂಡಿದ್ದಾನೆ.

6. ಹೆಬ್ಬೆರಳಿನಿಂದ ಮುಚ್ಚಿ

ಪರದೆಯ ಮೇಲೆ ಗಿಟಾರನ್ನು ಕೈಯಿಂದ ಮುಚ್ಚಿ ಹತ್ತು ಸೆಕೆಂಡ್ ನೋಡಿ. ಚಿತ್ರ ತಣ್ಣಗಾಗಿಬಿಡುತ್ತದೆ, ಕೈಗಳಿಗೆ ಇರಲು ಕಾರಣವೇ ಇಲ್ಲದಂತಾಗುತ್ತದೆ. ಕೈ ತೆಗೆಯಿರಿ. ಇಷ್ಟು ನೀಲಿಯ ನಡುವೆ ಕಂದುಬಣ್ಣ ಇರುವುದು ಅಲ್ಲಿ ಮಾತ್ರ. ಈಗ ತಲೆಯನ್ನು ಮುಚ್ಚಿ. ಬೆರಳುಗಳು ಕೆಲಸ ಮಾಡುತ್ತಲೇ ಇವೆ! ತಲೆ ಸೋತಿದೆ, ಕೈ ಸೋತಿಲ್ಲ. ಯಾವ ಚೀಟಿಯನ್ನೂ ಓದದೆ ನೀವೇ ಕಂಡುಕೊಂಡ ಮಾತು ಇದು.

7. ನೀಲಿಯ ಬಗ್ಗೆ ದುಡುಕಬೇಡಿ

"ನೀಲಿ ಅಂದರೆ ದುಃಖ" ಎಂದು ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಆ ನಂಟು ಇಂಗ್ಲಿಷ್ ಮಾತಿನದು. ಪಿಕಾಸೊನ ಸ್ಪ್ಯಾನಿಷ್ ಭಾಷೆಯಲ್ಲಿ 'ನೀಲಿ ರಾಜಕುಮಾರ' ಎಂದರೆ ಹುಡುಗಿಯರ ಕನಸಿನ ವರ. ಅಲ್ಲಿನ ಚರ್ಚುಗಳಲ್ಲಿ ಮೇರಿ ಮಾತೆಯ ಮೇಲುವಸ್ತ್ರ ನೀಲಿ. ನಮಗಂತೂ ನೀಲಿ ಎಂದರೆ ಕೃಷ್ಣ, ನೀಲಕಂಠ, ಮಳೆಮೋಡ. ಬಣ್ಣಕ್ಕೆ ತನ್ನದೇ ಅರ್ಥವಿರುವುದಿಲ್ಲ, ಪಕ್ಕದಲ್ಲಿ ಏನಿದೆಯೋ ಅದರಿಂದ ಹುಟ್ಟುತ್ತದೆ.

ಕೃಷ್ಣನ ನೀಲಿ ನಮಗೆ ಏಕೆ ತಣ್ಣಗೆನಿಸುವುದಿಲ್ಲ? ಪಕ್ಕದಲ್ಲಿ ಪೀತಾಂಬರವಿದೆ, ನವಿಲುಗರಿ ಇದೆ, ಬೆಣ್ಣೆ ಇದೆ. ಇಲ್ಲಿ ನೀಲಿಯ ಪಕ್ಕ ಇನ್ನೊಂದು ನೀಲಿಯೇ ಇದೆ. ಬಟ್ಟೆಗೂ ಗೋಡೆಗೂ ಚರ್ಮಕ್ಕೂ ಅದೇ. ಚರ್ಮ ಗೋಡೆಯ ಬಣ್ಣಕ್ಕೆ ತಿರುಗಿದರೆ ಮನುಷ್ಯನ ಮೈಯ ಬಿಸಿ ಹೋದ ಹಾಗೆ. ತಣ್ಣಗಾಗುವುದು ಅದರಿಂದ. ಮೂಗಿನ ತುದಿಯಿಂದ ಗೋಡೆಯ ಕಡೆಗೆ ಕಣ್ಣು ಸರಿಸುತ್ತಾ ಹೋಗಿ, ಎಲ್ಲಿ ಮನುಷ್ಯ ಮುಗಿದು ಗೋಡೆ ಶುರುವಾಗುತ್ತದೆ ಎಂದು ಗುರುತು ಮಾಡಿ.

8. ಅಡಗಿರುವ ಹೆಂಗಸನ್ನು ಹುಡುಕಿ

ಈಗ ಒಂದು ಆಟ. ಚಿತ್ರವನ್ನು ಹಿಗ್ಗಿಸಿ ಮುದುಕನ ಬಾಗಿದ ಕುತ್ತಿಗೆಯ ಮೇಲ್ಭಾಗಕ್ಕೆ ಹೋಗಿ. ನಿಧಾನವಾಗಿ ನೋಡಿದರೆ ಅಲ್ಲಿ ಇನ್ನೊಂದು ಮುಖ ಮಸುಕಾಗಿ ಕಾಣುತ್ತದೆ, ಹೆಣ್ಣಿನದು. ಕಾಣದಿದ್ದರೆ ಪರದೆಯ ಬೆಳಕು ಏರಿಸಿ, ಮತ್ತೆ ನೋಡಿ.

ಇದು ಭ್ರಮೆಯಲ್ಲ. ಅದೇ ಹಲಗೆಯ ಮೇಲೆ ಪಿಕಾಸೊ ಮೊದಲು ಬೇರೆ ಚಿತ್ರ ಶುರುಮಾಡಿದ್ದ. ಎಕ್ಸ್‌ರೇ ಮತ್ತು ಇನ್‌ಫ್ರಾರೆಡ್ ತಪಾಸಣೆಯಲ್ಲಿ ಕೆಳಗೆ ಒಬ್ಬ ತಾಯಿ, ಮಗು, ಜೊತೆಗೆ ದನಕರುಗಳ ರೂಪ ಸಿಕ್ಕಿವೆ. ಕೆಲಸ ನಡೆಯುವುದು ಹೀಗೆ: ಸೀಸ ಬೆರೆತ ಬಿಳಿ ಬಣ್ಣ ಎಕ್ಸ್‌ರೇಯನ್ನು ಒಳಕ್ಕೆ ಬಿಡುವುದಿಲ್ಲ, ಹಾಗಾಗಿ ಕೆಳಗಿನ ಪದರದಲ್ಲಿ ಆ ಬಿಳಿ ಹಚ್ಚಿದ ಕಡೆಯೆಲ್ಲ ನಮ್ಮ ಎಲುಬಿನ ಫಿಲ್ಮಿನಂತೆಯೇ ಬೆಳ್ಳಗೆ ಮೂಡುತ್ತದೆ. ಇನ್‌ಫ್ರಾರೆಡ್ ಕಿರಣ ಮೇಲಿನ ಹಲವು ಬಣ್ಣಗಳನ್ನು ದಾಟಿ ಇದ್ದಿಲಿನಂಥ ಕಪ್ಪು ಗೆರೆಗಳನ್ನು ಹಿಡಿಯುತ್ತದೆ. ಬರಿಗಣ್ಣಿಗೂ ಕಾಣುವುದಕ್ಕೆ ಕಾರಣ ಬೇರೆ. ಎಣ್ಣೆಬಣ್ಣ ವರ್ಷಗಳು ಕಳೆದಂತೆ ಕೊಂಚ ಪಾರದರ್ಶಕವಾಗುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಎರಡು ಚುನಾವಣೆ ಹಿಂದಿನ ಅಭ್ಯರ್ಥಿಯ ಹೆಸರು ಇಣುಕುತ್ತದಲ್ಲ, ಹಾಗೆ.

ಅವಳನ್ನು ಬೇಕೆಂದೇ ಬಿಟ್ಟ ಸಂಕೇತ ಎಂದು ಕತೆ ಕಟ್ಟುವವರುಂಟು. ನನಗೆ ಒಪ್ಪಿಗೆ ಇಲ್ಲ. ಆಗ ಅವನ ಕೈಯಲ್ಲಿ ಕಾಸಿರಲಿಲ್ಲ. ಕಾಸಿಲ್ಲದ ಚಿತ್ರಕಾರ ಬಳಸಿದ ಹಲಗೆಯನ್ನೇ ಮತ್ತೆ ಬಳಸುತ್ತಾನೆ. ಆದರೂ ತಾಯಿ, ಮಗು, ದನಕರು ತುಂಬಿದ್ದ ಜಾಗದಲ್ಲಿ ಕಡೆಗೆ ಒಂಟಿ ಮುದುಕ ಬಂದು ಕೂತ ಎಂಬುದನ್ನು ತಿಳಿದ ಮೇಲೆ ತಿಳಿಯದವರಂತೆ ನೋಡಲು ಆಗುವುದಿಲ್ಲ, ನಿಜ.

9. ಈಗ ಚೀಟಿ ಓದಬಹುದು

ಬರೆದಾಗ ಪಿಕಾಸೊಗೆ 22 ವರ್ಷ. ಹುಟ್ಟಿದ್ದು ಸ್ಪೇನಿನ ಮಲಗಾದಲ್ಲಿ, 1881ರಲ್ಲಿ. 1901ರಿಂದ 1904ರ ತನಕದ ಅವನ ಕೆಲಸವನ್ನು ನೀಲಿ ಕಾಲ ಎನ್ನುತ್ತಾರೆ. ಜೊತೆಗೆ ಪ್ಯಾರಿಸ್‌ಗೆ ಹೋಗಿದ್ದ ಗೆಳೆಯ ಕಾರ್ಲೆಸ್ ಕಾಸಾಜೆಮಾಸ್ 1901ರ ಫೆಬ್ರವರಿಯಲ್ಲಿ ಅಲ್ಲಿನ ಹೋಟೆಲೊಂದರಲ್ಲಿ ಗುಂಡು ಹಾರಿಸಿಕೊಂಡು ಸತ್ತ, ಪ್ರೇಮದ ವಿಷಯ. ನೀಲಿ ಕಾಲಕ್ಕೆ ಆ ಸಾವಿನಿಂದಲೇ ಮೊದಲು ಎಂದು ಹೇಳುವುದು ವಾಡಿಕೆ. ಇರಬಹುದು. ಆದರೆ ಈ ಚಿತ್ರದ ಹೊತ್ತಿಗೆ ಆ ಸಾವಾಗಿ ಮೂರು ವರ್ಷ ಹತ್ತಿರ ಬಂದಿತ್ತು. ಗೆಳೆಯನ ಸಾವು ದುಃಖ ಕೊಟ್ಟೀತು, ಕುತ್ತಿಗೆಯನ್ನು ಎಷ್ಟು ಬಾಗಿಸಬೇಕು ಎಂದು ಹೇಳಿಕೊಟ್ಟೀತೇ? ಅದನ್ನು ಅವನು ಹಲಗೆಯ ಮುಂದೆ ನಿಂತೇ ಕಂಡುಕೊಳ್ಳಬೇಕಿತ್ತು.

ಹೆಚ್ಚು ನೋಡಬೇಕೆನ್ನುವವರು 1903ರ ಇನ್ನೆರಡು ಚಿತ್ರ ತೆರೆಯಿರಿ: ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದ 'ಕುರುಡನ ಊಟ', ಮಾಸ್ಕೋದ ಪುಷ್ಕಿನ್ ಸಂಗ್ರಹಾಲಯದ 'ಹುಡುಗನೊಂದಿಗೆ ಮುದಿ ಯಹೂದಿ'. ಅಲ್ಲೂ ನೀಲಿಯೇ, ಅಲ್ಲೂ ಕಾಣದ ಕಣ್ಣುಗಳೇ. ಆದರೆ ಒಬ್ಬನ ಮುಂದೆ ರೊಟ್ಟಿ ಇದೆ, ಇನ್ನೊಬ್ಬನ ಪಕ್ಕ ಹುಡುಗನಿದ್ದಾನೆ.

10. ನೀವೂ ಒಂದು ಬರೆಯಿರಿ

ಓದಿ ಬಿಟ್ಟರೆ ಮೂರು ದಿನದಲ್ಲಿ ಮರೆತುಹೋಗುತ್ತದೆ. ಕೈಗೆ ಬಂದದ್ದು ಮರೆಯುವುದಿಲ್ಲ. ಬೇಕಾದದ್ದು ಇಷ್ಟು: 12 ಇಂಚು ಎತ್ತರ, 8 ಇಂಚು ಅಗಲದ ಪ್ರೈಮರ್ ಹಚ್ಚಿದ ಹಾರ್ಡ್‌ಬೋರ್ಡ್ ಅಥವಾ ಕ್ಯಾನ್ವಾಸ್ ಬೋರ್ಡ್ (ಮೂಲದ ಪ್ರಮಾಣವೂ ಹೆಚ್ಚುಕಡಿಮೆ ಇದೇ), ಪ್ರಷ್ಯನ್ ಬ್ಲೂ, ಟೈಟೇನಿಯಂ ವೈಟ್, ಬರ್ನ್ಟ್ ಅಂಬರ್ (ಗಾಢ ಕಂದುಬಣ್ಣ) ಒಂದೊಂದು ಟ್ಯೂಬ್, ಎರಡು ಬ್ರಷ್, ಟರ್ಪೆಂಟೈನ್. ಎಣ್ಣೆಬಣ್ಣ ಬೇಡವೆಂದರೆ ಅಕ್ರಿಲಿಕ್ ಆದೀತು, ಬೇಗ ಒಣಗುತ್ತದೆ.

ಮನೆಯವರಲ್ಲಿ ಒಬ್ಬರನ್ನು ಯಾವುದಾದರೂ ವಸ್ತು ಕೈಗೆ ಕೊಟ್ಟು ಕೂರಿಸಿ. ಮೊರ, ರೇಡಿಯೊ, ಹಾರ್ಮೋನಿಯಂ, ಏನಾದರೂ. ಪಿಕಾಸೊನ ಮುದುಕನನ್ನೇ ನಕಲು ಮಾಡಬೇಡಿ. ಹತ್ತು ನಿಮಿಷಕ್ಕೊಮ್ಮೆ ಅವರನ್ನು ಏಳಿಸಿ, ಕಾಫಿ ಕೊಡಿ.

ಎಲ್ಲರೂ ಮೊದಲು ಮನುಷ್ಯನನ್ನು ಬರೆದು ಆಮೇಲೆ ಸುತ್ತ ಜಾಗ ಬಿಡುತ್ತಾರೆ. ನೀವು ತಿರುಗಾಮುರುಗಾ ಮಾಡಿ. ಚೌಕಟ್ಟು ಮೊದಲು, ಅದರೊಳಗೆ ಆ ಮೈಯನ್ನು ಇಕ್ಕಟ್ಟಾಗಿ ತುರುಕಿ. ಮೊಣಕೈ, ಮೊಣಕಾಲು, ತಲೆ ಮೂರೂ ಅಂಚಿನಿಂದ ಒಂದು ಬೆರಳಿನಷ್ಟೇ ದೂರ ಇರಲಿ. ಕುತ್ತಿಗೆಯನ್ನು ಕಂಡದ್ದಕ್ಕಿಂತ ಜಾಸ್ತಿ ಬಾಗಿಸಿ.

ಪ್ರಷ್ಯನ್ ಬ್ಲೂ ಬಹಳ ಜೋರಿನ ಬಣ್ಣ. ನಿಂಬೆಗಾತ್ರದ ಬಿಳಿಗೆ ಸಾಸಿವೆಕಾಳಿನಷ್ಟು ಹಾಕಿ ಶುರುಮಾಡಿ, ಬೇಕಾದರೆ ಸೇರಿಸುತ್ತಾ ಹೋಗಿ. ತಿರುಗಿಸಿ ಮಾಡಲು ಹೋದರೆ ಇಡೀ ಟ್ಯೂಬ್ ಬಿಳಿ ಖಾಲಿಯಾದರೂ ತಿಳಿಯಾಗುವುದಿಲ್ಲ. ಸೊಪ್ಪು ಸಾರಿಗೆ ಇಂಗು ಹಾಕಿದ ಹಾಗೆ ಅಂದುಕೊಳ್ಳಿ. ಗಾಢ ನೆರಳಿಗೆ ಕಪ್ಪು ಕೊಳ್ಳಬೇಕಿಲ್ಲ, ಇದೇ ನೀಲಿಗೆ ಬರ್ನ್ಟ್ ಅಂಬರ್ ಬೆರೆಸಿದರೆ ಸಾಕು. ಮೊದಲ ಪದರವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಹರಡಿ, ದಪ್ಪ ಬಣ್ಣ ಆಮೇಲೆ. ಕೈಯಲ್ಲಿರುವ ವಸ್ತುವಿಗೆ ಬೇರೆ ಬಣ್ಣ ಕೊಡುವುದು ಕಟ್ಟಕಡೆಗೆ, ಅದೂ ಒಂದೇ ಕಡೆ. ಮುಖಕ್ಕೆ ಭಾವ ಬರೆಯಬೇಡಿ. ಬಾಯಿ ಕೆಳಗೆ ಬಾಗಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಟರ್ಪೆಂಟೈನ್ ಬಳಸುವಾಗ ಕಿಟಕಿ ತೆಗೆದಿರಲಿ. ಎಣ್ಣೆಬಣ್ಣದಲ್ಲಿರುವ ಅಗಸೆಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರವಿ ಒಣಗಿಸಿ. ಚಿತ್ರ ಮುಟ್ಟುವಷ್ಟು ಒಣಗಲು ಕೆಲವು ದಿನ ಬೇಕು, ಮಕ್ಕಳಿರುವ ಮನೆಯಾದರೆ ಎತ್ತರದಲ್ಲಿಡಿ.

ಶಿಕಾಗೋಗೆ ಹೋಗುವವರಿಗೆ

ಮಗಳ ಮನೆಗೆ, ಮಗನ ಮನೆಗೆಂದು ಹೋದ ನಮ್ಮ ಕಡೆಯ ಅಪ್ಪ ಅಮ್ಮಂದಿರು ಮಿಲೇನಿಯಂ ಪಾರ್ಕಿನ ಹೊಳೆಯುವ ಉಕ್ಕಿನ 'ಬೀನ್' ಶಿಲ್ಪದ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಆರ್ಟ್ ಇನ್‌ಸ್ಟಿಟ್ಯೂಟ್ ಅಲ್ಲಿಂದ ನಡೆದು ಹೋಗುವ ದೂರ. ಮಿಷಿಗನ್ ಅವೆನ್ಯೂ ಬಾಗಿಲಲ್ಲಿ ಎರಡು ಕಂಚಿನ ಸಿಂಹಗಳಿವೆ. 1893ರ ಸರ್ವಧರ್ಮ ಸಮ್ಮೇಳನ ನಡೆದದ್ದು, ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಅದನ್ನು ಹೇಳಿದರೆ ಚಿತ್ರಕಲೆಗೆ ಒಲ್ಲೆ ಎನ್ನುವ ಅಪ್ಪನೂ ಒಳಗೆ ಬರುತ್ತಾರೆ, ನೋಡಿ.

ಹೊರಡುವ ಮುನ್ನ ಜಾಲತಾಣದಲ್ಲಿ ಎರಡು ವಿಷಯ ಖಚಿತಪಡಿಸಿಕೊಳ್ಳಿ: ಆ ದಿನ ಬಾಗಿಲು ತೆರೆದಿದೆಯೇ, ಈ ಚಿತ್ರ ಗೋಡೆಯ ಮೇಲಿದೆಯೇ. ಸಂಗ್ರಹಾಲಯಗಳು ಚಿತ್ರಗಳನ್ನು ಪ್ರದರ್ಶನಕ್ಕೆಂದು ಬೇರೆಡೆ ಕಳಿಸುವುದುಂಟು. ಒಳಗೆ ಹೋದ ಮೇಲೆ ಮೊದಲು ಹತ್ತು ಹೆಜ್ಜೆ ದೂರ ನಿಂತು ಮೂಲೆಗಳನ್ನು ನೋಡಿ. ಆಮೇಲೆ ಕಾವಲಿನವರು ಬಿಡುವಷ್ಟು ಹತ್ತಿರ ಹೋಗಿ, ಪಕ್ಕಕ್ಕೆ ಒಂದು ಹೆಜ್ಜೆ ಸರಿಯಿರಿ. ದೀಪದ ಬೆಳಕು ಬಣ್ಣದ ಮೇಲೆ ಓರೆಯಾಗಿ ಬಿದ್ದಾಗ ಕೆಳಗಿನ ಪದರದ ಉಬ್ಬುತಗ್ಗು ಕಂಡರೂ ಕಂಡೀತು. ಹೆಂಗಸಿನ ಮುಖ ಹುಡುಕುವುದು ಅಲ್ಲಿಂದ.